ಕೆಲಸ ಇಲ್ಲವೆಂದು ಹೇಳಿಸಿದ ಸಿಸ್ಟರ್

ಮೊನ್ನೆ ನಮ್ಮ ಲ್ಯಾಬಿಗೆ ಯಾರೋ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿಟ್ಟಿದ್ದರು. ಸ್ಪಿರಿಟ್ಟಿನ ವಾಸನೆಯನ್ನೂ ಮೀರಿ ಆ ಹಣ್ಣಿನ ಕಂಪು ಕೋಣೆಯನ್ನೆಲ್ಲ ತುಂಬಿತು. ನಮ್ಮೂರು ಕಮಲಾಪುರದ ಹಣ್ಣು. ಅದರ ಜೊತೆಗೇ ಜೇವರ್ಗಿ ಕಾಲೋನಿಯ ಒಂದು ಮನೆಯ ಪಡಸಾಲೆ ಕಣ್ಣಮುಂದೆ ಬಂತು...

ಆ ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ. ನಾನಾಗ ಕಲಬುರಗಿಯ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವರ ರಕ್ತ ತೆಗೆಯಲು ಮನೆಗೇ ಹೋಗುತ್ತಿದ್ದೆ. ಅವರ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಕಾಲೋನಿಯವರೆಲ್ಲ ಸಿಸ್ಟರ್ ಎನ್ನುತ್ತಿದ್ದರು, ನಾನೂ. ಊರಿಗೆ ಹೋಗಿ ಬಂದಾಗ ಒಂದು ಚಿಪ್ಪು ಹಣ್ಣು ಒಯ್ದು ಕೊಟ್ಟರೆ, ಗಂಡನ ಕಣ್ಣಿಗೆ ಬೀಳದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಇಟ್ಟು ಬರುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೆ ಆ ಮನೆಗೆ ಹೋಗಲು ನನಗೆ ಕಾರಣ ಉಳಿಯಲಿಲ್ಲ.

ಮುಂದೆ ನಮ್ಮ ಲ್ಯಾಬೂ ಮುಚ್ಚಿತು. ವಯಸ್ಸಾದ ಡಾಕ್ಟರು ಇನ್ನು ಸಾಕೆಂದು ಬಾಗಿಲು ಹಾಕಿ ಶರಣಸಿರಸಗಿಯ ಹೊಸ ಬಡಾವಣೆಯ ಮನೆ ಸೇರಿದರು. ನನಗೆ ಇನ್ನೊಂದು ಕಡೆ ಸುಲಭವಾಗಿ ಕೆಲಸ ಸಿಗುತ್ತದೆ ಎಂದುಕೊಂಡಿದ್ದೆ. ಸಿಗಲಿಲ್ಲ. ದೊಡ್ಡ ಲ್ಯಾಬುಗಳಲ್ಲಿ ಎಲ್ಲವೂ ಯಂತ್ರ. ನಾನು ಕಲಿತದ್ದು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ನೋಡುವ ಕೆಲಸ. ಒಂದೇ ಬಯೋಡಾಟಾವನ್ನು ಊರೆಲ್ಲ ಹಂಚಿ ಬಂದೆ. ಕರೆಯುತ್ತೇವೆ ಎಂದರು, ಯಾರೂ ಕರೆಯಲಿಲ್ಲ. ಕೊನೆಗೆ ಬಾಡಿಗೆ ಮನೆ ಬಿಟ್ಟು, ಹೆಂಡತಿ ಮಗಳೊಂದಿಗೆ ಕಮಲಾಪುರಕ್ಕೆ ಅಣ್ಣನ ಮನೆಗೆ ಬಂದೆ. ನನ್ನಾಕೆ ಒಂದು ಖಾನಾವಳಿಗೆ ರೊಟ್ಟಿ ಬಡಿಯಲು ಹೋಗತೊಡಗಿದಳು. ಅಣ್ಣ ಏನೂ ಅನ್ನುತ್ತಿರಲಿಲ್ಲ. ನಾನೇ ಊಟಕ್ಕೆ ಕೂತಾಗ ಎರಡನೆಯ ರೊಟ್ಟಿ ಬೇಡವೆಂದು ಎದ್ದುಬಿಡುತ್ತಿದ್ದೆ.

ನಂದೂರಿನ ಬೇಳೆ ಮಿಲ್ಲೊಂದಕ್ಕೆ ಚೀಲ ಹೊರಲು ಹೋದೆ. ಬೆನ್ನು ಹಿಡಿದುಕೊಂಡು ವಾಪಸ್ಸಾದೆ. ಆಮೇಲೆ ಹುಡುಕುವುದನ್ನೇ ಬಿಟ್ಟೆ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೂರುವುದು, ಮಧ್ಯಾಹ್ನ ಎದ್ದು ಬರುವುದು. ನಾನೇ ಇಲ್ಲದಿದ್ದರೆ ಮನೆಯವರಿಗೆ ಹಗುರವಾದೀತೇನೋ ಎಂದು ಅನ್ನಿಸಿದ್ದೂ ಉಂಟು...

ಅಂಥ ಒಂದು ಬೆಳಿಗ್ಗೆ ಸಿಸ್ಟರ್ ಅಲ್ಲಿ ಬಸ್ಸಿನಿಂದ ಇಳಿದರು. ನೆಂಟರ ಕೂಸಿನ ತೊಟ್ಟಿಲ ಕಾರ್ಯಕ್ಕೆ ಬಂದಿದ್ದರು. ಗುರುತು ಹಿಡಿದು ಪಕ್ಕಕ್ಕೆ ಬಂದು ಕೂತರು.

"ಯಾ ಬಸ್ಸಿಗಿ ಕುಂತೀದಿ ತಮ್ಮಾ?"

"ಯಾವುದಕ್ಕೂ ಇಲ್ರೀ ಸಿಸ್ಟರ್."

ಯಾರ ಮುಂದೆಯೂ ಆಡದಿದ್ದ ಮಾತುಗಳನ್ನೆಲ್ಲ ಅವರ ಮುಂದೆ ಆಡಿದೆ. ಅಯ್ಯೋ ಪಾಪ ಎನ್ನುತ್ತಾರೆಂದು ಕಾದೆ. ಅವರು ಬೇರೆಯದನ್ನೇ ಕೇಳಿದರು.

"ನಿನಗ ಕೆಲಸ ಇಲ್ಲಂತ ಯಾರ್ಯಾರಿಗಿ ಗೊತ್ತದ?"

ಮನೆಯವರನ್ನು ಬಿಟ್ಟು ಯಾರಿಗೂ ಇಲ್ಲ ಎಂದೆ. ಹಳೆಯ ಜೊತೆಗಾರರು ಫೋನು ಮಾಡಿದರೆ ನಾಚಿಕೆಯಿಂದ ಎತ್ತುತ್ತಲೇ ಇರಲಿಲ್ಲ.

"ಮತ್ತ ಯಾರ್ ಕರೀಬೇಕಪ್ಪಾ ನಿನಗ? ಐತ್ವಾರ ವಿಹಾರಕ್ಕ ಬಾ."

ಅವರ ಮನೆಯ ಹತ್ತಿರ ಒಂದು ಸಣ್ಣ ಬುದ್ಧ ವಿಹಾರವಿತ್ತು. ಭಾನುವಾರ ವಂದನೆ ಮುಗಿದ ಮೇಲೂ ಜನ ಮಾತಾಡುತ್ತ ಕೂರುತ್ತಿದ್ದರು. ಸಿಸ್ಟರ್ ನನ್ನನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ, ಹೇಳು ಎಂದರು. ನನಗೆ ಕೆಲಸವಿಲ್ಲ, ರಕ್ತ ಪರೀಕ್ಷೆ ಮಾಡಲು ಬರುತ್ತದೆ, ಎಂದಷ್ಟೇ ಹೇಳಿ ಕೂತೆ. ಯಾರೂ ನಗಲಿಲ್ಲ. ಒಬ್ಬರು ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ಹೆಸರು ಮತ್ತೆ ಬರೆಸು ಎಂದರು. ಬ್ಯಾಂಕಿನವರೊಬ್ಬರು ನನ್ನ ಬಯೋಡಾಟಾ ಓದಿ, ಇಷ್ಟು ವರ್ಷದ ದುಡಿಮೆ ಒಂದೇ ಸಾಲಿನಲ್ಲಿದೆಯಲ್ಲ ಎಂದು ಗದರಿ, ಕೂರಿಸಿಕೊಂಡು ಹೊಸದಾಗಿ ಬರೆಸಿದರು. ಸಿಸ್ಟರ್ ತಮ್ಮ ಕೈಕೆಳಗೆ ಕಲಿತ ನರ್ಸೊಬ್ಬರಿಗೆ ಹೇಳಿ, ಅವರ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಸಂಬಳವಿಲ್ಲದೆ ಯಂತ್ರ ಕಲಿಯುವ ಹಾಗೆ ಮಾಡಿದರು. ಜೊತೆಗೆ ಶರಣಸಿರಸಗಿಗೂ ಬಂದು ಹಳೆಯ ಡಾಕ್ಟರಿಂದ ಅನುಭವದ ಪತ್ರ ಕೊಡಿಸಿದರು. ತಮ್ಮೆದುರೇ ಕೂರಿಸಿ ಹಳೆಯ ಜೊತೆಗಾರರಿಗೆಲ್ಲ ಫೋನು ಮಾಡಿಸಿದರು.

ಇಷ್ಟಾದರೂ ಏನೂ ಆಗಲಿಲ್ಲ. ಒಂದು ಕಡೆ ವಯಸ್ಸಾಯಿತು ಎಂದರು. ಇನ್ನೊಂದು ಕಡೆ ಆರಿಸಿಕೊಂಡು, ಸೇರುವ ದಿನ ಬೆಳಿಗ್ಗೆ ಬೇಡ ಎಂದರು. ಅವತ್ತು ಸಿಸ್ಟರ್ ಮನೆಯ ಪಡಸಾಲೆಯಲ್ಲಿ ಕೂತು ಅತ್ತುಬಿಟ್ಟೆ. ಇನ್ನು ನನ್ನಿಂದಾಗುವುದಿಲ್ಲ ಎಂದೆ. ಅವರು ಉಣ್ಣಲಿಕ್ಕೆ ಬಡಿಸಿದರು. ಉಂಡಾದ ಮೇಲೆ, ಸಂದರ್ಶನದಲ್ಲಿ ಏನೇನು ಕೇಳಿದರು ಎಂದು ಮೊದಲಿನಿಂದ ಹೇಳಿಸಿದರು. ನನ್ನ ದನಿ ಎಲ್ಲಿ ಕುಗ್ಗುತ್ತಿತ್ತೋ ಅಲ್ಲಿ ತಡೆದು, "ಮತ್ತ ಹೇಳು" ಎನ್ನುತ್ತಿದ್ದರು. ಸಂಜೆಯವರೆಗೂ ಹೇಳಿಸಿದರು.

ಕೊನೆಗೆ ಕರೆದದ್ದು ಹಳೆಯ ಜೊತೆಗಾರನೊಬ್ಬ. ಅವನಿದ್ದ ಆಸ್ಪತ್ರೆಯ ಲ್ಯಾಬಿನಲ್ಲಿ ಒಬ್ಬರು ಕೆಲಸ ಬಿಟ್ಟಿದ್ದರು. ಯಂತ್ರ ನಡೆಸಲೂ ಬರಬೇಕು, ಯಂತ್ರಕ್ಕೆ ಅನುಮಾನ ಬಂದ ರಕ್ತವನ್ನು ಗಾಜಿನ ಸ್ಲೈಡಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲೂ ಬರಬೇಕು, ಅಂಥವರು ಬೇಕಾಗಿತ್ತು. ಗುತ್ತಿಗೆಯ ಮೇಲೆ ತೆಗೆದುಕೊಂಡರು. ನಾವು ಮತ್ತೆ ಕಲಬುರಗಿಗೆ ಬಂದೆವು.

ಕೆಲವು ತಿಂಗಳು ಕಳೆದ ಮೇಲೆ ಸಿಸ್ಟರ್ ಲ್ಯಾಬಿಗೇ ಬಂದರು. ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಬೀಳುತ್ತಿವೆ, ಸುಸ್ತು, ರಕ್ತ ನೀನೇ ತೆಗೆ ಎಂದು ತೋಳು ಚಾಚಿದರು. ಯಂತ್ರ ಕೊಟ್ಟ ಅಂಕಿ ನೋಡಿ ನಾನು ಸ್ಲೈಡ್ ಮಾಡಿದೆ. ಇರಬಾರದ ಕಣಗಳು ಒತ್ತೊತ್ತಾಗಿ ತುಂಬಿಕೊಂಡಿದ್ದವು. ಇನ್ನೊಂದು ಸ್ಲೈಡ್ ಮಾಡಿ ನೋಡಿದೆ. ಅದರಲ್ಲೂ ಅವೇ. ಲ್ಯಾಬಿನ ಡಾಕ್ಟರಿಗೆ ತೋರಿಸಿದೆ. ರಕ್ತದ ಕ್ಯಾನ್ಸರ್ ಎಂದರು.

ಸಿಸ್ಟರ್ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಡಾಕ್ಟರೇ ಮಾತಾಡುತ್ತಾರೆ ಎಂದು ಅವರ ಕಣ್ಣು ತಪ್ಪಿಸಿ ಹೇಳಿದೆ. ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಂಗ ಅನುಮಾನ ಇತ್ತು ತಮ್ಮಾ. ಈಗ ನಿನ್ನ ಮಾರಿ ಹೇಳ್ತು. ಆದರ ಇನ್ನೊಬ್ಬರ ಮುಂದ ಹಿಂಗ ಬರಬ್ಯಾಡ. ಹೊರಗ ಕುಂತವರು ಮೊದಲ ನಿನ್ನ ಮಾರಿನೇ ನೋಡ್ತಾರ."

ಅಂಥ ಹೊತ್ತಿನಲ್ಲೂ ಅವರಿಗೆ ನನ್ನ ಕೆಲಸದ್ದೇ ಚಿಂತೆ...

ಅವರ ಮಗಳು ಸೊಲ್ಲಾಪುರಕ್ಕೆ ಕರೆದೊಯ್ದು ಚಿಕಿತ್ಸೆ ಕೊಡಿಸಿದರು. ಫಲಿಸಲಿಲ್ಲ. ಬೇಸಿಗೆ ಕಳೆಯುವುದರೊಳಗೆ ಹೋಗಿಬಿಟ್ಟರು. ವಿಹಾರದಲ್ಲಿ ಅವರ ನೆನಪಿಗೆಂದು ಸೇರಿದ ದಿನ ಎರಡು ಮಾತಾಡು ಎಂದು ನನ್ನನ್ನು ಕರೆದರು. ಎದ್ದು ನಿಂತೆ. ಏನೂ ಹೇಳಲಾಗದೆ ಕೂತೆ.

ಈ ತಿಂಗಳು ನನ್ನ ಕೆಲಸ ಖಾಯಂ ಆಯಿತು. ಸಂಜೆ ಮನೆಗೆ ಬಂದು ಹೇಳಿದೆ. ನನ್ನಾಕೆ ಅಡುಗೆ ಮನೆಯಿಂದ ಈಚೆ ಬಂದು, "ಮೊದಲ ಸಿಸ್ಟರಿಗಿ ಹೇಳ್ರಿ" ಎಂದಳು. ಅಂದ ಮೇಲೆ ಅವಳಿಗೇ ಹೊಳೆಯಿತು. ಭಾನುವಾರ ವಿಹಾರಕ್ಕೆ ಹೋಗಿ ಎಲ್ಲರ ಮುಂದೆ ಎದ್ದು ನಿಂತು ಹೇಳುತ್ತೇನೆ ಎಂದೆ.