ಏಪ್ರನ್ನಿನ ಗಂಟು ಹಿಡಿದ ಕೈ

ಬಾಸ್ಟನ್ನಿನ ದಕ್ಷಿಣಕ್ಕಿರುವ ಗಿರಣಿ ಊರು ಫಾಲ್ ರಿವರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೀದಿ ಕೊನೆಯ ಬೇಕರಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿದೆ. ಲುಡೋವಿನಾ ಅರುಡಾ ಮೂರನೇ ಮಹಡಿಗೆ ಮರದ ಮೆಟ್ಟಿಲು ಹತ್ತುತ್ತಿದ್ದಾರೆ. ಪ್ರತಿ ತಿರುವಿನಲ್ಲೂ ನಿಂತು ತಮ್ಮ ಮೊಣಕಾಲಿಗೆ ಒಂದು ಬೈಗುಳ ಬೈದು ಮುಂದೆ ಹೋಗುತ್ತಾರೆ.

"ಬಂದ್ಯಾ? ಸತ್ತೇ ಹೋದೆ ಅಂದ್ಕೊಂಡಿದ್ದೆ," ಒಳಗಿನಿಂದ ದನಿ.

"ನಿಮಗಿಂತ ಮೊದ್ಲು ಸಾಯೋಕೆ ನೀವು ಬಿಟ್ರೆ ತಾನೇ, ದೊಡ್ಡಮ್ಮ!"

ದೊಡ್ಡಮ್ಮ ಎಂದರೆ ಎಂಬತ್ತೆಂಟರ ಹೆರ್ಮಿನಿಯಾ ಮೆಡೈರೋಸ್. ಪೋರ್ಚುಗೀಸರ ಸಾವ್ ಮಿಗೆಲ್ ದ್ವೀಪದಿಂದ ಮದುವೆಯಾಗಿ ಬಂದವರು, ಆಯಸ್ಸೆಲ್ಲ ಇಲ್ಲಿನ ಗಿರಣಿಯಲ್ಲಿ ಅಂಗಿಯ ಕಾಲರು ಹೊಲಿದವರು. ಈಗ ಕಾಲು ಮಾತು ಕೇಳುವುದಿಲ್ಲ. ಲುಡೋವಿನಾ ಅವರಿಗೆ ಸ್ನಾನ ಮಾಡಿಸುತ್ತಾರೆ, ಕಾಲುಚೀಲ ತೊಡಿಸುತ್ತಾರೆ, ಮಾತ್ರೆ ಕೊಡುತ್ತಾರೆ. ಆಮೇಲೆ ಎಬ್ಬಿಸಿ ನಿಲ್ಲಿಸಿ, ಏಪ್ರನ್ ಕಟ್ಟಿ, ಬೆನ್ನ ಹಿಂದಿನ ಗಂಟನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಹಾಗೇ ಇಬ್ಬರೂ ಅಡುಗೆಮನೆಗೆ ನಡೆಯುತ್ತಾರೆ. ಮುಂದಿನಿಂದ ನೋಡಿದವರಿಗೆ ಅಜ್ಜಿ ತಾನೇ ನಡೆದು ಬಂದಂತೆ ಕಾಣುತ್ತದೆ.

"ತಳ್ಳೋದೂ ಇಲ್ಲ, ಎತ್ತೋದೂ ಇಲ್ಲ," ಎನ್ನುತ್ತಾರೆ ಲುಡೋವಿನಾ. "ಹಿಂದೆ ಒಂದು ಕೈ ಇದೆ ಅಂತ ಗೊತ್ತಿದ್ರೆ ಸಾಕು, ಕಾಲು ನಡೆಯುತ್ತೆ."

ಅರವತ್ತೊಂದರ ಲುಡೋವಿನಾ ಮೊದಲು ಪರದೆ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಈ ಕೆಲಸ. ದಿನಕ್ಕೆ ನಾಲ್ಕು ಮನೆ, ನಾಲ್ಕೂ ಮೆಟ್ಟಿಲ ಮನೆಗಳೇ. ಗಂಡ ಮೀನುದೋಣಿಯಲ್ಲಿ ಸೊಂಟ ಮುರಿದುಕೊಂಡು ಮನೆಯಲ್ಲಿ ಕೂತಿದ್ದಾರೆ. "ಮನೇಲೂ ಇದೇ ಕೆಲ್ಸ. ಅಲ್ಲಿ ಬೈಗುಳ ಜಾಸ್ತಿ, ಅಷ್ಟೇ," ಎಂದು ನಗುತ್ತಾರೆ.

ಈ ಸಲದ ರಾಜ್ಯ ಬಜೆಟ್ಟಿನಲ್ಲಿ ವೃದ್ಧರ ಮನೆ-ಆರೈಕೆಗೆ ಕತ್ತರಿ ಬಿತ್ತು. ಆರೈಕೆಯ ಹೊಣೆಯನ್ನು ಸರ್ಕಾರ ಒಂದು ವಿಮಾ ಕಂಪನಿಗೆ ವಹಿಸಿದೆ. ಯಾರ ಮನೆಗೆ ಎಷ್ಟು ಹೊತ್ತು ಸಹಾಯಕಿ ಬರಬೇಕೆಂದು ತೀರ್ಮಾನಿಸುವುದು ಆ ಕಂಪನಿಯೇ. ದುಡ್ಡು ಕಡಿಮೆಯಾದದ್ದೇ ತಡ, ಎಲ್ಲರನ್ನೂ ಮತ್ತೆ ಪರೀಕ್ಷಿಸಲು ನರ್ಸುಗಳನ್ನು ಕಳಿಸಿತು. ರಾಜಧಾನಿ ಬಾಸ್ಟನ್ನಿನಲ್ಲಿ ಕೂತವರಿಗೆ ಮೂರನೇ ಮಹಡಿ ಎಂದರೆ ಲಿಫ್ಟಿನ ಗುಂಡಿ. ಹೋಗಲಿ ಬಿಡಿ, ಇದನ್ನು ಬರೆಯುವ ನನ್ನ ಸಿಟ್ಟಿನಿಂದ ಯಾರ ಮೊಣಕಾಲೂ ನೆಟ್ಟಗಾಗುವುದಿಲ್ಲ.

ಫೆಬ್ರವರಿಯಲ್ಲಿ ನರ್ಸ್ ಬಂದಾಗ ಈ ಮನೆಯಲ್ಲಿ ನಡೆದದ್ದು ನಮ್ಮ ಯಾವ ಮನೆಯಲ್ಲಾದರೂ ನಡೆಯುವಂಥದ್ದೇ. ಮನೆಗೆ ಹೊಸಬರು ಬರುತ್ತಾರೆ! ಹೆರ್ಮಿನಿಯಾ ಚಿನ್ನದ ಓಲೆ ಹಾಕಿಸಿಕೊಂಡರು, ಹಬ್ಬದ ಕಪ್ಪು ಉಡುಪು ತೊಡಿಸಿಕೊಂಡರು, ಸಿಹಿ ಬ್ರೆಡ್ ತರಿಸಿದರು. ಬಂದವಳನ್ನು ಕೂರಿಸಿ, ಎದ್ದು, ನಿಂತು, ತಮ್ಮ ಕೈಯಾರೆ ಕಾಫಿ ಬಗ್ಗಿಸಿದರು. ಹಿಂದೆ ಲುಡೋವಿನಾ ಗಂಟು ಹಿಡಿದಿದ್ದರು. ನರ್ಸಿಗೆ ಅದು ಕಾಣಲಿಲ್ಲ.

ಅಡುಗೆ ಮಾಡ್ತೀರಾ? "ಮತ್ತೆ? ನಿನ್ನನ್ನ ಹಸಿದ ಹೊಟ್ಟೇಲಿ ಕಳಿಸ್ಲಾ?" ಸ್ನಾನ? "ದೇವರ ದಯ, ಎಲ್ಲಾ ನಾನೇ."

"ದೊಡ್ಡವರು ಮಾತಾಡ್ತಿರೋವಾಗ, ಅದೂ ಬಂದವರ ಮುಂದೆ, ಸುಳ್ಳು ಅಂತ ಹೇಗೆ ಹೇಳ್ಲಿ?" ಎಂದು ಲುಡೋವಿನಾ ಕೇಳುತ್ತಾರೆ. "ನಮ್ಮಮ್ಮ ಇದ್ದಿದ್ರೆ ಕಪಾಳಕ್ಕೆ ಹೊಡೀತಿದ್ಲು. ಬಾಯಿ ಮುಚ್ಕೊಂಡು ನಿಂತೆ. ತಪ್ಪು ನಂದೇ."

ಪ್ರತಿದಿನ ಬರುತ್ತಿದ್ದ ಸಹಾಯ ವಾರಕ್ಕೆ ಮೂರು ಬೆಳಗಿಗೆ ಇಳಿಯಿತು, ಸಂಜೆಯದು ಪೂರ್ತಿ ನಿಂತಿತು. ಸಹಾಯಕಿ ಇಲ್ಲದ ಮೊದಲ ದಿನವೇ ಹೆರ್ಮಿನಿಯಾ ಒಂದು ಕಾಲುಚೀಲ ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಮಧ್ಯಾಹ್ನದವರೆಗೂ ಕೂತಿದ್ದರು. ಹೀಗೇ ಆದರೆ ವೃದ್ಧಾಶ್ರಮವೇ ಗತಿ ಎಂದರು ಡಾಕ್ಟರು. ಸೇತುವೆ ಕಾಣುವ ಕಿಟಕಿ ಬಿಟ್ಟು ಹೋಗುವುದಕ್ಕಿಂತ ಸಾಯುವುದೇ ಮೇಲು ಎಂದರು ಹೆರ್ಮಿನಿಯಾ. ಉಳಿದ ದಿನಗಳಲ್ಲೂ ಲುಡೋವಿನಾ ಸಂಬಳವಿಲ್ಲದೆ ಮೆಟ್ಟಿಲು ಹತ್ತತೊಡಗಿದರು. ಇದನ್ನು ಬರೆಯಬಹುದೇ ಎಂದೆ. "ಬರ್ಕೋ. ಬ್ರೆಡ್ ತರೋಕೆ ಹೋಗಿದ್ದೆ, ದಾರೀಲಿ ಮಾತಾಡಿಸ್ಕೊಂಡು ಬಂದೆ. ಅದಕ್ಕೂ ಕಂಪನಿ ಅಪ್ಪಣೆ ಬೇಕಾ?"

ಮೇಲ್ಮನವಿ ಹಾಕಿದ್ದಾಯಿತು. ಅದೇ ನರ್ಸ್ ಎರಡನೇ ಸಲ ಬಂದ ದಿನ ನಾನೂ ಅಲ್ಲಿದ್ದೆ. ಮೇಜು ಬರಿದು. ಓಲೆ ಇಲ್ಲ, ಬ್ರೆಡ್ ಇಲ್ಲ, ಏಪ್ರನ್ನೂ ಇಲ್ಲ. "ಸಾವಿನ ಮನೆ ಮಾಡಿಟ್ಟಿದ್ದಾಳೆ," ಎಂದು ಹೆರ್ಮಿನಿಯಾ ನನ್ನ ಹತ್ತಿರ ಗೊಣಗಿದರು. ಲುಡೋವಿನಾ ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದರು.

"ಸ್ವಲ್ಪ ನಡೆದು ತೋರಿಸ್ತೀರಾ, ಅಮ್ಮ?" ಎಂದಳು ನರ್ಸ್.

ಹೆರ್ಮಿನಿಯಾ ಅರ್ಧ ಎದ್ದರು. ಒಂದು ಕೈ ಬೆನ್ನ ಹಿಂದೆ ಹೋಗಿ ತಡಕಾಡಿತು. ಅಲ್ಲಿ ಯಾರೂ ಇರಲಿಲ್ಲ. ದೊಪ್ಪನೆ ಕೂತುಬಿಟ್ಟರು. ಲುಡೋವಿನಾ ಗೋಡೆ ಬಿಟ್ಟು ಕದಲಲಿಲ್ಲ, ಆದರೆ ಅವರ ಕಣ್ಣಲ್ಲಿ ನೀರಿತ್ತು.

"ಹೋದ್ಸಲ ಚೆನ್ನಾಗೇ ನಡೆದ್ರಲ್ಲ?"

"ಅವತ್ತು ಅವಳು ಹಿಡ್ಕೊಂಡಿದ್ಲು," ಎಂದರು ಹೆರ್ಮಿನಿಯಾ. ಯಾರೂ ಕೇಳದೆಯೇ ಮುಂದುವರಿಸಿದರು: "ಸ್ನಾನಾನೂ ಅವಳೇ ಮಾಡಿಸೋದು. ಮಾಡಿಸುವಾಗ ಮುಖ ಆ ಕಡೆ ತಿರುಗಿಸ್ಕೊಂಡು ಬೇಕರಿ ಸುದ್ದಿ ಹೇಳ್ತಾಳೆ. ಅದಕ್ಕೇ ನಾನಿನ್ನೂ ಮರ್ಯಾದೆಯಿಂದ ಇದೀನಿ." ಆಮೇಲೆ ಗೋಡೆಯತ್ತ ತಿರುಗಿ, "ಎಲ್ಲಾ ಹೇಳಿದೆ. ಸಮಾಧಾನ ಆಯ್ತಾ? ಈಗಾದ್ರೂ ಆ ಹುಡುಗಿಗೆ ಕಾಫಿ ಕೊಡೇ, ನಾಚಿಕೆಗೆಟ್ಟವಳೇ!"

ನರ್ಸಿಗೆ ಇನ್ನೊಂದು ಮನೆಗೆ ಹೊತ್ತಾಗಿತ್ತು, ಕುಡಿಯದೆ ಹೊರಟಳು. ಆ ಮನೆಯಿಂದ ಬರಿಹೊಟ್ಟೆಯಲ್ಲಿ ಹೋದವಳು ಬಹುಶಃ ಅವಳೊಬ್ಬಳೇ. ಅವಳು ಹೋದ ಮೇಲೆ ಹೆರ್ಮಿನಿಯಾ ಅತ್ತದ್ದು ಅದಕ್ಕೇ.

ಹೋದ ವಾರ ಕಂಪನಿಯಿಂದ ಫೋನ್ ಬಂತು. ಬೆಳಗಿನ ಸಹಾಯ ವಾರಪೂರ್ತಿ ಮರಳಿ ಸಿಕ್ಕಿದೆ. ಸಂಜೆಯದು ಇಲ್ಲ. ಸದ್ಯಕ್ಕೆ ವೃದ್ಧಾಶ್ರಮದ ಮಾತಿಲ್ಲ. ಮುಂದಿನ ಬಜೆಟ್ಟಿನ ಹೊತ್ತಿಗೆ ಮತ್ತೆ ಯಾರಾದರೂ ಪರೀಕ್ಷಿಸಲು ಬರುತ್ತಾರೆ.

ನಿಮಗೇನು ಆಸೆ ಎಂದು ಮೆಟ್ಟಿಲಿಳಿಯುತ್ತಾ ಕೇಳಿದೆ. ಲುಡೋವಿನಾ ಮೊಣಕಾಲು ಹಿಡಿದು ನಿಂತರು.

"ಆ ನರ್ಸ್ ಹುಡುಗಿ ಒಂದು ಭಾನುವಾರ ಬರ್ಬೇಕು. ಪರೀಕ್ಷೆಗಲ್ಲ, ಸುಮ್ನೆ. ದೊಡ್ಡಮ್ಮ ಓಲೆ ಹಾಕ್ಕೊಂಡು, ಎದ್ದು ನಿಂತು, ತಾವೇ ಕಾಫಿ ಬಗ್ಗಿಸಿ ಕೊಡ್ಬೇಕು. ನಾನು ಹಿಂದೆ ಗಂಟು ಹಿಡ್ಕೊಂಡಿರ್ತೀನಿ. ಅವಳಿಗೆ ಈಗ ಗೊತ್ತು. ಆದ್ರೂ ಆ ಭಾನುವಾರ ಏನೂ ಕಾಣದವಳ ಹಾಗೆ ಇದ್ಬಿಡ್ಲಿ."