ಯಾರು ಎಲ್ಲಿ ಮಲಗುತ್ತೀರಿ

ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಜನ ಕಟ್ಟಿಸುವ ಮನೆಗಳಿಗೆ ನಕ್ಷೆ ಬರೆದುಕೊಟ್ಟು, ಮನೆ ಮುಗಿಯುವ ತನಕ ಮುಂದೆ ನಿಂತು ನೋಡಿಕೊಳ್ಳುವುದು ನಮ್ಮ ಕೆಲಸ. ಮೆಟ್ಟಿಲ ಹತ್ತಿರ ಒಂದು ಕರಿಹಲಗೆ ತೂಗುಹಾಕಿದ್ದೇವೆ. ಪ್ರತಿ ಸೋಮವಾರ ಅದರ ಮೇಲೆ ನಾನೇ ಆಫೀಸಿನ ಸುದ್ದಿ ಬರೆಯುತ್ತೇನೆ: ಬಂಗಾರಪೇಟೆಯ ಒಂದು ಮನೆಗೆ ಪಾಯ ಮುಗಿಯಿತು, ಕೋರಮಂಡಲ್‌ನಲ್ಲಿ ಇನ್ನೊಂದಕ್ಕೆ ತಾರಸಿ ಹಾಕಿದೆವು, ಮತ್ತೆಲ್ಲೋ ಗೃಹಪ್ರವೇಶ. ಅದನ್ನೇ ಫೋಟೊ ತೆಗೆದು ವಾಟ್ಸ್ಯಾಪ್ ಸ್ಟೇಟಸ್‌ಗೂ ಹಾಕುತ್ತೇನೆ. ಓದಿದವರಿಗೆ ಮನೆ ಎಂದರೆ ಬರೀ ಸಿಮೆಂಟು, ಕಬ್ಬಿಣ, ಇಟ್ಟಿಗೆ ಅನ್ನಿಸಬೇಕು. ನಿಜವಾದ ಸುದ್ದಿ ಬರೆಯಲು ಅಲ್ಲಿ ಜಾಗವಿಲ್ಲ. ಅಂಥದ್ದೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸ್ವಲ್ಪ ಸಿಡುಕಿ. ಫೋನಿನಲ್ಲಿ ಯಾವುದೋ ದೊಡ್ಡ ಊರಿನ ಬಂಗಲೆಯ ಫೋಟೊ ಹಿಡಿದುಕೊಂಡು, ಮುಂಭಾಗ ಇದೇ ಥರ ಬರಬೇಕು ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಮುಂಭಾಗ ನೋಡುವವರು ದಾರಿಯಲ್ಲಿ ಹೋಗುವವರು, ಒಳಗಿರುವವರು ನೀವು ತಾನೇ ಎಂದು ಅವರ ಮುಖಕ್ಕೇ ಹೇಳಿಬಿಡುತ್ತೇನೆ. ಯಾರೇ ಬರಲಿ, ನನ್ನ ಮೊದಲ ಪ್ರಶ್ನೆ ಒಂದೇ: ಮನೆಯಲ್ಲಿ ಎಷ್ಟು ಜನ, ಯಾರು ಎಲ್ಲಿ ಮಲಗುತ್ತೀರಿ? ನಾನು ಹುಟ್ಟಿ ಬೆಳೆದದ್ದು ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯಲ್ಲಿ. ಐದು ಜನಕ್ಕೆ ಒಂದೇ ಕೋಣೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ನಾವು ಮಕ್ಕಳು ಬೀದಿಯಲ್ಲೇ ಓದಿ, ಬೀದಿಯಲ್ಲೇ ಉಂಡು, ಪಿಸುಮಾತಿನಲ್ಲಿ ಜಗಳವಾಡುತ್ತಿದ್ದೆವು. ಮೈ ಚಾಚಲು ತನ್ನದೇ ಒಂದು ಜಾಗ ಇರುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು ನನಗೆ ಯಾವ ಕಾಲೇಜೂ ಹೇಳಿಕೊಡಬೇಕಾಗಿರಲಿಲ್ಲ.

ಹೋದ ವರ್ಷ ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಒಬ್ಬ ರೈತರು ಬಂದರು. ಅರವತ್ತರ ಹತ್ತಿರದ ವಯಸ್ಸು, ಟೊಮೇಟೊ ಬೆಳೆ, ನಾಲ್ಕು ಸೀಮೆಹಸು. ಹಳೆಯ ಹೆಂಚಿನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟಬೇಕೆಂದಿದ್ದರು. ಅವರ ಫೋನಿನಲ್ಲೂ ಒಂದು ಫೋಟೊ ಇತ್ತು, ಎರಡು ಕಂಬದ ಪೋರ್ಟಿಕೊ. ಅದನ್ನು ತೋರಿಸುವಾಗ ಅವರು ಎಷ್ಟು ನಾಚಿಕೊಂಡರೆಂದರೆ ನನಗೆ ಬೈಯಲು ಬಾಯಿ ಬರಲಿಲ್ಲ. ಮಗ ದಿನಾ ರೈಲಿನಲ್ಲಿ ಬೆಂಗಳೂರಿನ ಫ್ಯಾಕ್ಟರಿಗೆ ಹೋಗಿಬರುತ್ತಾನೆ, ಅವನಿಗೆ ಹೆಣ್ಣು ನೋಡುತ್ತಿದ್ದೇವೆ, ಹೆಣ್ಣಿನ ಕಡೆಯವರು ಬಂದರೆ ಅಚ್ಚುಕಟ್ಟಾಗಿ ಬರಮಾಡಿಕೊಳ್ಳಲು ಒಂದು ಜಾಗ ಬೇಡವೇ ಎಂದರು.

ಅಳತೆಗೆಂದು ಅವರ ಊರಿಗೆ ಹೋದೆ. ಹಳೆ ಮನೆಯ ನಡುಮನೆಯಲ್ಲಿ ಕೂತು ನನ್ನ ಪ್ರಶ್ನೆ ಕೇಳಿದೆ. ಅವರು ಬೆರಳು ಮಡಚಿ ಎಣಿಸಿದರು: ತಾವು, ಹೆಂಡತಿ, ಮಗ, ಮುಂದೆ ಬರುವ ಸೊಸೆ. ನಾಲ್ಕು. ಹಾಗೆ ಎಣಿಸುವಾಗ ನನ್ನ ಕೈಗೆ ಕಾಫಿ ಕೊಟ್ಟ ಹೆಣ್ಣುಮಗಳು ಪಕ್ಕದಲ್ಲೇ ನಿಂತಿದ್ದಳು. ಮೂವತ್ತರ ಆಸುಪಾಸು, ಕತ್ತಿನಲ್ಲಿ ಅಳತೆಯ ಟೇಪು. ಮೂಲೆಯಲ್ಲಿ ಹೊಲಿಗೆ ಮಿಷನ್ನಿಗೆ ಬೆಡ್‌ಶೀಟು ಹೊದಿಸಿತ್ತು, ಅದರ ಹಿಂದೆ ಸುತ್ತಿಟ್ಟ ಚಾಪೆ ಮತ್ತು ದಿಂಬು.

ಅವಳು ತಮ್ಮ ಮಗಳು, ಕೊಟ್ಟ ಮನೆ ಬಿಟ್ಟು ಬಂದು ಎರಡು ವರ್ಷವಾಯಿತು ಎಂದು ತಾಯಿ ನನಗೆ ಹೇಳಿದರು. ಅದನ್ನು ಹೇಳಲು ಕೊಟ್ಟಿಗೆ ತೋರಿಸುವ ನೆಪದಲ್ಲಿ ಹಿತ್ತಲಿಗೆ ಕರೆದುಕೊಂಡು ಹೋಗಬೇಕಾಯಿತು. ಗಂಡ ಕೈ ಮಾಡುತ್ತಿದ್ದನಂತೆ. ಊರಿನವರು ಕೇಳಿದರೆ ತಂದೆ ಮಾತ್ರ ಇನ್ನೂ, ಬಂದಿದ್ದಾಳೆ, ಹೋಗುತ್ತಾಳೆ ಎಂದೇ ಹೇಳುತ್ತಿದ್ದರು. ಯಾರಾದರೂ ಬಂದರೆ ಮಿಷನ್ನಿಗೆ ಬಟ್ಟೆ ಹೊದಿಸುವುದು, ಬೆಳಗಾಗುವ ಮುಂಚೆ ಚಾಪೆ ಸುತ್ತುವುದು ಆ ಮನೆಯಲ್ಲಿ ರೂಢಿಯಾಗಿಬಿಟ್ಟಿತ್ತು. ರವಿಕೆ ಹೊಲಿಸುವ ಹೆಂಗಸರೂ ಬಟ್ಟೆಯನ್ನು ಹಿತ್ತಲ ಬಾಗಿಲಲ್ಲೇ ಕೊಟ್ಟು ಹೋಗಬೇಕಿತ್ತು.

ಇಷ್ಟೆಲ್ಲ ಕೇಳಿಸಿಕೊಂಡೂ ನಾನು ಆಫೀಸಿಗೆ ಬಂದು ನಾಲ್ಕು ಜನಕ್ಕೇ ನಕ್ಷೆ ಬರೆದೆ. ಯಜಮಾನರು ಹೇಳಿದ್ದನ್ನು ಬರೆಯುವುದು ನನ್ನ ಕೆಲಸ, ಅವರ ಮನೆ ವಿಷಯಕ್ಕೆ ನಾನ್ಯಾಕೆ ತಲೆ ಹಾಕಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಂಬ, ಬಣ್ಣ, ಟೈಲ್ಸ್ ಎಂದರೆ ಸೊಂಟ ಕಟ್ಟಿ ಜಗಳಕ್ಕೆ ನಿಲ್ಲುವವಳು ಒಂದು ಜೀವದ ವಿಷಯಕ್ಕೆ ಬಾಯಿ ಮುಚ್ಚಿಕೊಂಡೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹಾಲ್, ಅಡುಗೆಮನೆ, ದೇವರಮನೆ, ಯಜಮಾನರ ರೂಮು, ಮಗನ ರೂಮು, ಮುಂಬಾಗಿಲ ಪಕ್ಕಕ್ಕೆ ಪೋರ್ಟಿಕೊ. ಒಂದೊಂದಕ್ಕೂ ಹೆಸರು ಬರೆದೆ. ನಕ್ಷೆ ಚೆನ್ನಾಗಿಯೇ ಬಂದಿತ್ತು.

ಪಾಯ ತೋಡುವ ಮುಂಚೆ ಇಡೀ ನಕ್ಷೆಯನ್ನು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ, ನಿಜವಾದ ಅಳತೆಗೇ ಗೆರೆ ಹಾಕುತ್ತಾರೆ. ಅದನ್ನು ಎಲ್ಲರೂ ಮಾಡುತ್ತಾರೆ. ನಾವು ಅದರ ಜೊತೆಗೆ ಇನ್ನೊಂದು ಮಾಡುತ್ತೇವೆ: ಗೆರೆ ಹಾಕಿದ ಮೇಲೆ ಮನೆಯವರು ಅರ್ಧ ಗಂಟೆ ಅದರೊಳಗೆ ಇರಬೇಕು. ಅಡುಗೆ ಮಾಡುವವರು ಅಡುಗೆಮನೆಯಲ್ಲಿ, ಉಳಿದವರು ಅವರವರ ಕೋಣೆಯಲ್ಲಿ. ಕಾಗದದಲ್ಲಿ ಕಣ್ಣಿಗೆ ಬೀಳದ ತಪ್ಪು ಹೀಗೆ ಓಡಾಡುವಾಗ ಕಾಲಿಗೆ ಸಿಗುತ್ತದೆ.

ಅವತ್ತು ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದ ನಾಲ್ಕಾರು ನೆರೆಯವರೂ ನೋಡಲು ನಿಂತರು. ಯಜಮಾನರು ಪೋರ್ಟಿಕೊದಲ್ಲಿ ನಿಂತು, ಇಲ್ಲದ ಬೀಗರಿಗೆ ಕೈಮುಗಿದು ಸ್ವಾಗತ ಮಾಡಿ ನಗಿಸಿದರು. ಮೇಸ್ತ್ರಿ ತೆಲುಗಿನಲ್ಲಿ, ಹೆಣ್ಣು ಸಿಗುವ ಮುಂಚೆಯೇ ಬೀಗರು ಬಂದರು ಎಂದು ಛೇಡಿಸಿದ. ತಾಯಿ ಅಡುಗೆಮನೆಯ ಗೆರೆಯೊಳಗೆ ಕುಕ್ಕರುಗಾಲಲ್ಲಿ ಕೂತು, ಒಲೆ ಎಲ್ಲಿ, ನೀರು ಎಲ್ಲಿ ಎಂದು ಕೈ ಚಾಚಿ ನೋಡುತ್ತಿದ್ದರು. ಮಗ ಬೆಳಗಿನ ರೈಲಿಗೆ ಹೋಗಿಯಾಗಿತ್ತು. ಮಗಳು ಹಳೆ ಮನೆಯಿಂದ ಕಾಫಿ ತಂದಳು. ಬಾಗಿಲಿಗೆಂದು ಬಿಟ್ಟಿದ್ದ ಜಾಗದಿಂದ ಒಳಗೆ ಬಂದು, ಎಲ್ಲರಿಗೂ ಲೋಟ ಕೊಟ್ಟು, ಮತ್ತೆ ಅಲ್ಲಿಂದಲೇ ಹೊರಗೆ ಹೋಗಿ ಗೆರೆಯ ಆಚೆ ನಿಂತುಕೊಂಡಳು. ಇನ್ನೂ ಒಂದು ಗೋಡೆಯೂ ಎದ್ದಿಲ್ಲ, ಆಗಲೇ ಅವಳು ಹೊರಗೆ.

ಎಲ್ಲರೂ ಒಳಗಿರಬೇಕು, ನೀನೂ ನಿನ್ನ ಜಾಗದಲ್ಲಿ ಹೋಗಿ ನಿಲ್ಲಮ್ಮ ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳಿಗೆ ಜಾಗ ಬರೆಯದವಳು ನಾನೇ. ಅವಳು ಒಂದು ಸಲ ಸುತ್ತ ನೋಡಿದಳು. ಆಮೇಲೆ ಹಾಲ್‌ನಲ್ಲಿ ಮುಂಬಾಗಿಲ ಹಿಂದಿನ ಮೂಲೆಗೆ ಬಂದು, ಕತ್ತಿನ ಟೇಪು ತೆಗೆದು ನೆಲದ ಮೇಲೆ ಹಿಡಿದು, ಮಿಷನ್ ಇಲ್ಲಿ ಹಿಡಿಸುತ್ತದೆ, ತನಗೆ ಇಷ್ಟು ಸಾಕು ಎಂದಳು. ಹಿಡಿಸುವಂತಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಅವಳ ಬೆನ್ನಿಗೆ ಬಡಿಯುವಂತಿತ್ತು. ಅದನ್ನು ಹೇಳಿದೆ.

ಯಜಮಾನರು ನೆರೆಯವರ ಕಡೆ ನೋಡಿ ನಕ್ಕರು. ಮಿಷನ್ನಿನ ಮಾತು ಈಗ್ಯಾಕೆ, ಅವಳೇನು ಇಲ್ಲೇ ಇರುವವಳಾ ಎಂದರು.

ತಾಯಿ ಅಡುಗೆಮನೆಯಿಂದ ಎದ್ದು ನಿಂತರು.

"ಅವ್ಳು ಎಲ್ಲಿಗೂ ಓಗಲ್ಲ. ನಾನು ಕಳ್ಸಲ್ಲ."

ದನಿ ಎತ್ತಿ ಹೇಳಿದ ಮಾತಲ್ಲ. ಆದರೂ ನಿಂತಿದ್ದ ಅಷ್ಟೂ ಜನಕ್ಕೆ ಕೇಳಿಸಿತು. ನೆರೆಯವರು ತಮ್ಮ ಲೋಟದೊಳಗೆ ನೋಡತೊಡಗಿದರು. ಯಜಮಾನರು ಪೋರ್ಟಿಕೊಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಕೆಲಸ ಇವತ್ತಿಗೆ ನಿಂತಿತು, ನಾಳೆ ಬೇರೆ ಇಂಜಿನಿಯರನ್ನು ಹುಡುಕುತ್ತಾರೆ ಎಂದುಕೊಂಡೆ. ಮೇಸ್ತ್ರಿ ಸುಣ್ಣದ ಬಾಂಡಲಿ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ.

ಆಮೇಲೆ ಯಜಮಾನರು ಕಾಲಲ್ಲಿ ಏನೋ ಒರೆಸುತ್ತಿರುವುದು ಕಾಣಿಸಿತು. ಕಂಬಗಳಿಗೆಂದು ಹಾಕಿದ್ದ ಎರಡು ಗುರುತು. ಒಂದನ್ನು ಮಣ್ಣಿನಲ್ಲಿ ಬೆರೆಸಿ, ನಿಧಾನವಾಗಿ ಇನ್ನೊಂದರ ಹತ್ತಿರ ಹೋಗಿ ಅದನ್ನೂ ಒರೆಸಿದರು.

"ಇಲ್ಲೊಂದು ರೂಮು ಆಯ್ತದಾ ನೋಡ್ರಮ್ಮ," ಎಂದರು.

ಧಾರಾಳವಾಗಿ ಆಗುತ್ತದೆ ಎಂದೆ. ಅವರು ಮಗಳ ಕಡೆ ತಿರುಗಿ, ಕಿಟಕಿ ಯಾವ ಕಡೆ ಇಡಲಿ ಎಂದು ಕೇಳಿದರು. ಅವಳು ಹಿತ್ತಲ ಕಡೆ ತೋರಿಸುತ್ತಾಳೆ ಎಂದುಕೊಂಡಿದ್ದೆ. ಅವಳು ರಸ್ತೆ ಕಡೆ ಕೈ ತೋರಿಸಿದಳು. ತಂದೆ ಆ ರಸ್ತೆಯನ್ನೂ ಅಲ್ಲಿ ನಿಂತಿದ್ದ ಜನರನ್ನೂ ಒಮ್ಮೆ ನೋಡಿದರು. ಹಾಗಿದ್ದರೆ ಕಿಟಕಿ ಒಂದೇ ಸಾಲದು, ರವಿಕೆ ಹೊಲಿಸುವವರು ನೇರವಾಗಿ ಬರಲಿ, ಆ ಕಡೆಗೆ ಒಂದು ಬಾಗಿಲೂ ಇಡು ಎಂದು ಮೇಸ್ತ್ರಿಗೆ ಹೇಳಿದರು. ನನಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು, ಸುಮ್ಮನೆ ಯಾಕೆ ನಿಂತಿದ್ದೀಯ ಎಂದು ಮೇಸ್ತ್ರಿಯ ಮೇಲೆ ರೇಗಿದೆ.

ನನ್ನ ಸ್ಕೂಟರಿನ ಸೀಟಿನ ಮೇಲೆ ನಕ್ಷೆ ಹರಡಿ, ಪೋರ್ಟಿಕೊ ಹೊಡೆದುಹಾಕಿ, ಹೊಸ ಕೋಣೆ ಬರೆದೆ. ಹೆಸರು ಬರೆಯುವಾಗ ಒಂದು ಕ್ಷಣ ಯೋಚಿಸಿದೆ. ನಾಳೆ ಹೆಣ್ಣಿನ ಕಡೆಯವರು ಈ ನಕ್ಷೆ ನೋಡಬಹುದು, ಈ ಮನುಷ್ಯ ಇವತ್ತಿಗೆ ತಲೆ ತಗ್ಗಿಸಿದ್ದು ಸಾಕು ಎನ್ನಿಸಿತು. 'ಹೊಲಿಗೆ ರೂಮು' ಎಂದು ಬರೆದೆ. ನನ್ನ ನಾಜೂಕನ್ನು ನಾನೇ ಮೆಚ್ಚಿಕೊಂಡೆ.

ಅವರು ಬಂದು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಬೆರಳನ್ನು ಪಕ್ಕದ ಕೋಣೆಗೆ ಸರಿಸಿ ಅದನ್ನೂ ಓದಿದರು. ಬೇಡ ಎಂಬಂತೆ ತಲೆಯಾಡಿಸಿದರು.

"ಅಲ್ಲಿ ಮಗನ್ ರೂಮು ಅಂತ ಬರ್ದಿದ್ದೀರಲ್ಲಮ್ಮ. ಇಲ್ಲಿ ಮಗಳ್ ರೂಮು ಅಂತ ಬರೀರಿ."

ಹೊಡೆದುಹಾಕಿ, ಅವರು ಹೇಳಿದ ಹಾಗೆ ಬರೆದೆ. ತಲೆ ಎತ್ತಿ ನೋಡಿದಾಗ ಮೇಸ್ತ್ರಿ ಆ ಕೋಣೆಗೆ ಇನ್ನೂ ಎರಡನೆಯ ಗೆರೆ ಎಳೆಯುತ್ತಿದ್ದ. ಅವಳು ಆಗಲೇ ಅದರೊಳಗೆ ಹೋಗಿ ಕೂತಿದ್ದಳು.