ಇಂಟರ್‌ವಲ್ ದಾಟಿದ ಮದ್ರಾಸಿ

ಯುದ್ಧದ ಸಿನಿಮಾ ನೋಡಲು ಕುಳಿತರೆ ನಾನು ಮೊದಲು ಮಾಡುವ ಕೆಲಸ ಸಿಪಾಯಿಗಳನ್ನು ಎಣಿಸುವುದು. ಹಳೆಯ ಹಿಂದಿ ಚಿತ್ರಗಳಲ್ಲಿ ಒಂದು ತುಕಡಿ ಎಂದರೆ ದೇಶದ ಪುಟ್ಟ ನಕಾಶೆಯೇ. ನಗಿಸಲು ಒಬ್ಬ ಸರ್ದಾರ್ಜಿ, ಶಾಯರಿಗೆ ಒಬ್ಬ ಖಾನ್‌ಸಾಹೇಬ, ಹಾಡಿಗೆ ಒಬ್ಬ ಬಂಗಾಳಿ, ಇಡ್ಲಿ ಕನವರಿಸಲು ಒಬ್ಬ ಮದ್ರಾಸಿ. ದಕ್ಷಿಣದವರಿಗೆಲ್ಲ ಸೇರಿ ಅವನೊಬ್ಬನೇ. ಜೋಳದ ರೊಟ್ಟಿ ತಿಂದು ಬೆಳೆದ ಹಾನಗಲ್ಲಿನವನೂ ಹಿರೇಕೆರೂರಿನವನೂ ಅವನೊಳಗೇ ಹೇಗೋ ಜಾಗ ಮಾಡಿಕೊಳ್ಳಬೇಕು. ಇದು ಅನ್ಯಾಯ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ನನ್ನ ಭಯವೇ ಬೇರೆ. ನಾಯಕನಿಗೆ ಏನೂ ಆಗುವುದಿಲ್ಲ; ಹೀಗೆ ಸೀಮೆಗೊಬ್ಬರಂತೆ ಬಂದವರೇ ಮೊದಲು ಸಾಯುವವರು. ಅದರಲ್ಲೂ ಜೇಬಿನಿಂದ ಮನೆಯ ಪತ್ರ ತೆಗೆದವನು ಇಂಟರ್‌ವಲ್ ಕಾಣುವುದಿಲ್ಲ.

ಈ ಶಾಸ್ತ್ರವನ್ನು ನಾನು ಕಲಿತದ್ದು ತಿಳವಳ್ಳಿಗೆ ಬಂದಿದ್ದ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು, ಎಪ್ಪತ್ತರ ದಶಕದ ಮೊದಲಲ್ಲಿ. ಅಣ್ಣ ಮಿಲಿಟರಿಯಲ್ಲಿದ್ದ. ಯುದ್ಧ ಮುಗಿದಿತ್ತು, ಅವನ ಪತ್ರ ಬಂದು ಮಾತ್ರ ಎರಡು ತಿಂಗಳಾಗಿತ್ತು. ‘ಇಲ್ಲಿ ನನ್ನ ಹೆಸರು ಯಾರಿಗೂ ಬ್ಯಾಡ, ಎಲ್ಲಾರೂ ಮದ್ರಾಸಿ ಅಂತಾರ’ ಎಂದು ಕೊನೆಯ ಪತ್ರದಲ್ಲಿ ಬರೆದಿದ್ದ. ಅದನ್ನು ಓದಿ ಹೇಳಿದಾಗ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮಗನ ಜೊತೆಗಾರರು ಹೇಗಿರುತ್ತಾರೋ ನೋಡೋಣವೆಂದು ಅವ್ವ ಸಿನಿಮಾಕ್ಕೆ ಬಂದಳು. ಅವಳಿಗೆ ಹಿಂದಿ ಬಾರದು. ಆದರೆ ಪರದೆಯ ಮೇಲೆ ಯಾರೋ ‘ಮದ್ರಾಸಿ’ ಎಂದು ಕೂಗಿದ ಕೂಡಲೇ ನನ್ನ ತೋಳು ಹಿಡಿದುಕೊಂಡಳು. ಆ ಪತ್ರವನ್ನು ಯಾಕಾದರೂ ಓದಿ ಹೇಳಿದೆನೋ ಅನ್ನಿಸಿತು. ಪರದೆಯ ಮೇಲೆ ಸಿಪಾಯಿಗಳೆಲ್ಲ ಒಂದೇ ದೊಡ್ಡ ತಾಟಿನ ಸುತ್ತ ಊಟಕ್ಕೆ ಕುಳಿತರು.

"ಎಲ್ಲಾರೂ ಒಂದ ತಾಟಿನ್ಯಾಗ ಉಣ್ತಾರೇನ?" ಎಂದಳು. ಊರಿನ ಚಹಾದಂಗಡಿಯಲ್ಲಿ ನಮ್ಮ ಕೇರಿಯವರ ಕಪ್ಪುಗಳನ್ನು ಹೊರಗಿನ ಗೂಡಿನಲ್ಲಿ ಬೇರೆ ಇಡುತ್ತಿದ್ದ ಕಾಲ ಅದು.

"ಹೌದಬೇ," ಎಂದೆ. ಅವಳ ಮುಖ ಅರಳಿತು.

ಅಷ್ಟರಲ್ಲಿ ಮದ್ರಾಸಿ ಜೇಬಿಗೆ ಕೈ ಹಾಕಿ ಪತ್ರ ತೆಗೆದ. ಗುಂಡು ಹಾರಿತು. ಅವನು ಬಿದ್ದ. ಇಂಟರ್‌ವಲ್ಲಿನ ದೀಪ ಹತ್ತಿದಾಗಲೂ ಅವ್ವ ನನ್ನ ತೋಳು ಬಿಟ್ಟಿರಲಿಲ್ಲ.

ಮುಂದೆ ನಡೆದದ್ದು ಟೂರಿಂಗ್ ಟಾಕೀಸಿನಲ್ಲಿ ಮಾತ್ರ ನಡೆಯುವಂಥದ್ದು. ಆಪರೇಟರ್ ಅವಸರದಲ್ಲಿ ಮೊದಲೇ ಓಡಿಸಿದ್ದ ರೀಲನ್ನೇ ಮತ್ತೆ ಏರಿಸಿಬಿಟ್ಟ. ಮದ್ರಾಸಿ ಅದೇ ತಾಟಿನ ಮುಂದೆ ನಗುತ್ತ ಕುಳಿತಿದ್ದ! "ಏ, ಸತ್ತಾವ ಎದ್ದು ಬಂದಾನಲೇ!" ಎಂದು ಜನ ಸಿಳ್ಳೆ ಹೊಡೆದರು. ಅವ್ವ ಎದ್ದು ನಿಂತು ಹಿಂದಕ್ಕೆ ತಿರುಗಿದಳು. "ಚೀರಬ್ಯಾಡ್ರಿ! ಅವ ಉಣ್ಣಾಕತ್ತಾನ."

ಮರುದಿನ ಅವಳು ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಟ್ಟಿಕೊಂಡು ಆಪರೇಟರನ ಮುಂದೆ ನಿಂತಳು. "ತಮ್ಮಾ, ಇವತ್ತೂ ಹಂಗ ತೋರಸಪಾ." ರೀಲು ತಪ್ಪಿಸಿದ್ದಕ್ಕೆ ಮಾಲೀಕನಿಂದ ಆಗಷ್ಟೇ ಬೈಸಿಕೊಂಡಿದ್ದ ಅವನು, ತನ್ನನ್ನು ಅಣಕಿಸಲು ಬಂದಿದ್ದಾಳೆಂದು ಮುಖ ಗಂಟು ಹಾಕಿದ. ಅಣ್ಣನ ವಿಷಯ ನಾನೇ ಹೇಳಬೇಕಾಯಿತು. ಅವನು ರೊಟ್ಟಿಯ ಗಂಟು ತೆಗೆದುಕೊಂಡು, "ನೋಡೂಣ್ರಿ ಅವ್ವಾರ," ಎಂದ.

ಸಂಜೆ ಮತ್ತೆ ಹೋದೆವು. ಮದ್ರಾಸಿ ಜೇಬಿಗೆ ಕೈ ಹಾಕಿದ. ಪತ್ರ ಹೊರಗೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು. ಸಿಳ್ಳೆ, ಬೈಗುಳ ಎಲ್ಲ ಆಯಿತು. ಬೆಳಕು ಬಂದಾಗ ನೇರ ಇಂಟರ್‌ವಲ್. ಹಿಂತಿರುಗಿ ನೋಡಿದರೆ ಆಪರೇಟರ್ ಮಷೀನಿನ ಹಿಂದೆ ತಲೆ ತಗ್ಗಿಸಿ ಏನೋ ರಿಪೇರಿ ಮಾಡುವವನಂತೆ ನಿಂತಿದ್ದ.

"ನಡಿ, ಮನಿಗೆ ಹೋಗೂಣು," ಎಂದಳು ಅವ್ವ. ಮುಂದಿನ ಕಥೆ ಅವಳಿಗೆ ಬೇಕಿರಲಿಲ್ಲ.

ಒಂದು ವಾರದ ಮೇಲೆ ಅಣ್ಣನ ಪತ್ರ ಬಂತು. ಎಷ್ಟೋ ವರ್ಷಗಳ ಮೇಲೆ, ಪಿಂಚಣಿ ಮಾಡಿಸಿಕೊಂಡು ಅಣ್ಣನೂ ಬಂದ. ಮನೆಗೆ ಟಿ.ವಿ. ಬಂದ ಹೊಸತರಲ್ಲಿ ಒಂದು ಯುದ್ಧದ ಚಿತ್ರ ನೋಡುತ್ತಿದ್ದೆವು. ನಾನು ಅಭ್ಯಾಸದಂತೆ ಎಣಿಸುತ್ತಿದ್ದೆ. ಅಣ್ಣನೂ ಎಣಿಸುತ್ತಿದ್ದನೋ ಏನೋ, ಸಿಟ್ಟಿನಿಂದ ಹೇಳಿದ: "ಅಲ್ಲೋ, ಇದರಾಗ ನಮ್ಮ ಕಡಿಯಾವ ಒಬ್ಬನೂ ಇಲ್ಲಲ್ಲ!"

ಒಳಗಿನಿಂದ ಅವ್ವನ ದನಿ ಬಂತು.

"ಇಲ್ದಿದ್ರ ಚಲೋನ ಆತು ಬಿಡು. ಉಣ್ಣಾಕ ಬಾ."